ಉಸಿರು ಬಿದ್ದ ಮರಿ

ಗೆಂಡೆಹುಂಡಿಯ ದೇವೀರಮ್ಮನ ಉಸಿರು ಬಿದ್ದ ಮೀನುಮರಿ ಸಾಯುವುದಿಲ್ಲ ಎಂದು ಹಿನ್ನೀರಿನ ಸುತ್ತಮುತ್ತಲ ಹಳ್ಳಿಗಳಲ್ಲೆಲ್ಲ ಮಾತಿತ್ತು. ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೀನುಮರಿಗಳನ್ನು ದೂರದ ಕೆರೆಗೆ ಒಯ್ಯುವಾಗ ಪ್ಲಾಸ್ಟಿಕ್ ಚೀಲಕ್ಕೆ ಒಂದಷ್ಟು ನೀರು, ಉಳಿದದ್ದಕ್ಕೆ ಆಮ್ಲಜನಕ ತುಂಬಿ ಬಾಯಿ ಕಟ್ಟುವುದು ಕ್ರಮ. ಆದರೆ ಆಮ್ಲಜನಕದ ಸಿಲಿಂಡರು ಆ ಊರಿಗೆ ಬರುತ್ತಿದ್ದದ್ದು ಯಾವಾಗಲೋ, ಬಂದರೂ ಅರ್ಧ ಖಾಲಿ. ಹಾಗಾಗಿ ದೇವೀರಮ್ಮ ಚೀಲದ ಬಾಯನ್ನು ತನ್ನ ಬಾಯಿಗೆ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು ಊದುತ್ತಿದ್ದಳು. ಚೀಲ ಬಿಗಿಯಾದ ಮೇಲೆ ರಬ್ಬರು ಸುತ್ತಿ ಕೊಡುತ್ತಿದ್ದಳು. ಬಾಯಿಂದ ಊದಿದ ಗಾಳಿಯಲ್ಲಿ ಆಮ್ಲಜನಕ ಕಮ್ಮಿ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಅವಳ ಮರಿಗಳು ಬದುಕುತ್ತಿದ್ದವು. ಹಿಂದಿನ ದಿನವೇ ಮರಿಗಳನ್ನು ಉಪವಾಸ ಕೆಡವಿ, ಸೊರಗಿದವನ್ನು ಆರಿಸಿ ತೆಗೆದು, ಚೀಲಕ್ಕೆ ಬೇರೆಯವರಿಗಿಂತ ಕಮ್ಮಿ ಮರಿ ಹಾಕುತ್ತಿದ್ದಳು, ಗುಟ್ಟು ಇಷ್ಟೇ. ಕೊಳ್ಳುವವರಿಗೆ ಮಾತ್ರ ಉಸಿರಿನ ಮೇಲೇ ನಂಬಿಕೆ. ಸಿಲಿಂಡರು ಇದ್ದ ದಿನವೂ, ಗ್ಯಾಸು ಬೇಡ ಕಣಕ್ಕ, ನೀನೇ ಒಂದು ಸಲ ಊದಿಬಿಡು ಎಂದು ಹಟ ಮಾಡಿ ಊದಿಸಿಕೊಂಡು ಹೋಗುತ್ತಿದ್ದರು. ದೇವೀರಮ್ಮನಿಗೂ ಒಳಗೊಳಗೇ ಹೆಮ್ಮೆ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಅವಳಿಗೆ ಇದ್ದವಳು ಒಬ್ಬಳೇ ಮಗಳು, ಪ್ರಭಾಮಣಿ. ಗಂಡ ತೀರಿಕೊಂಡ ಮೇಲೆ ಮರಿ ಸಾಕಿ ಮಾರಿಯೇ ಅವಳನ್ನು ಓದಿಸಿದ್ದಳು. ಪ್ರಭಾಮಣಿ ಈಗ ತಾಲ್ಲೂಕಿನ ಮೀನುರೋಗ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಆಚೆ ದಡದ ನಿಂಗರಾಜುವನ್ನು ಮದುವೆಯಾಗಿ, ಚೊಚ್ಚಲ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಬಾಣಂತನವನ್ನು ಅವ್ವನೇ ಮಾಡಬೇಕು. ಅದರಲ್ಲಿ ಎರಡು ಮಾತಿರಲಿಲ್ಲ. ದೇವೀರಮ್ಮ ಆಗಲೇ ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದಳು, ಹರಳೆಣ್ಣೆ ತಂದಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತೀಯಲ್ಲ ಎಂದು ನೆರೆಯವರು ಆಡಿಕೊಂಡರೆ, ಹೊಲಿಸುತ್ತೀನಿ, ಮೊಮ್ಮಗು ನಂದಲ್ಲವಾ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಮೊದಲು ಸತ್ತದ್ದು ಜಿಲೇಬಿ ಮೀನು. ಕಣ್ಣುಗುಡ್ಡೆ ಹೊರಕ್ಕೆ ಉಬ್ಬಿ, ನೀರಿನ ಮೇಲೆ ಬುಗುರಿಯಂತೆ ಗಿರಗಿರ ಸುತ್ತಿ, ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ಕೆರೆಯಲ್ಲಾಯಿತು, ಇನ್ನೊಂದರಲ್ಲಾಯಿತು, ಬಿಸಿಲಿಗೆ ಹೀಗೇ ಎಂದು ಜನ ಸುಮ್ಮನಾದರು. ಆಮೇಲೆ ಮಲ್ಲೇಗೌಡನಪುರದ ಸ್ವಾಮಿಗೌಡನ ಸೊಸೆ ಮೀನು ಹೆಚ್ಚುವಾಗ ಬೆರಳು ಕುಯ್ದುಕೊಂಡಳು. ಕುಯ್ದುಕೊಳ್ಳದ ಹೆಂಗಸು ಯಾರಿದ್ದಾಳೆ? ಅರಿಶಿನ ಒತ್ತಿಕೊಂಡು ಸಾರು ಮಾಡಿ ಬಡಿಸಿದಳು. ಆದರೆ ಜ್ವರ ಬಂತು, ಕುತ್ತಿಗೆ ಸೆಟೆಯಿತು, ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಅವಳ ಬೆನ್ನುಹುರಿಯ ನೀರಿನಲ್ಲೂ ಸತ್ತ ಮೀನಿನ ಮಿದುಳಿನಲ್ಲೂ ಸಿಕ್ಕಿದ್ದು ಒಂದೇ ಬ್ಯಾಕ್ಟೀರಿಯ.

ಮೀನಿನ ರೋಗ ಮೀನಿಗೆ, ಮನುಷ್ಯನ ರೋಗ ಮನುಷ್ಯನಿಗೆ ಎಂದು ನಂಬಿದ್ದ ಕಾಲವೊಂದಿತ್ತು. ಮೀನಿನ ಮೈ ತಣ್ಣಗೆ, ನಮ್ಮದು ಬೆಚ್ಚಗೆ. ಅಲ್ಲಿ ಬೆಳೆದದ್ದು ಇಲ್ಲಿ ಬದುಕದು ಎಂಬ ಧೈರ್ಯ. ಈ ತಳಿ ಆ ಧೈರ್ಯವನ್ನು ಕೆಡಿಸಿತ್ತು. ಸರದ ಮಣಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ದುಂಡನೆಯ ಜೀವಿಗಳಿವು. ಇವುಗಳ ದೂರದ ದಾಯಾದಿಗಳು ಎಷ್ಟೋ ಜನರ ಮೈಯಲ್ಲಿ ಉಪದ್ರವ ಕೊಡದೆ ವಾಸವಾಗಿರುತ್ತವೆ. ಈ ತಳಿ ಮಾತ್ರ ತಣ್ಣೀರಿನಲ್ಲಿ ಒಂದು ಅಂಗಿ, ಬಿಸಿ ಮೈಯಲ್ಲಿ ಇನ್ನೊಂದು ಅಂಗಿ ತೊಡುವುದನ್ನು ಕಲಿತಿತ್ತು. ಕೆಲವರ ಮೈಯಲ್ಲಿ ಅದು ತೆಪ್ಪಗೆ ಕೂತಿರುತ್ತಿತ್ತು, ಕೆಲವರನ್ನು ಕೊಲ್ಲುತ್ತಿತ್ತು. ಯಾರನ್ನು ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಹಿಡಿಯಲೆಂದು ಪ್ರಭಾಮಣಿಯ ಪ್ರಯೋಗಾಲಯಕ್ಕೆ ಒಂದು ಯಂತ್ರ ಬಂತು. ಅಕ್ಕಿ ಡಬ್ಬಿಯಷ್ಟು ದಪ್ಪ, ಹೆಸರು ವಂಶದರ್ಶಿ. ಬ್ಯಾಕ್ಟೀರಿಯ ಒಂದು ಎರಡಾಗುವಾಗ ತನ್ನ ಅನುವಂಶದ ಪಾಠವನ್ನು ನಕಲು ಮಾಡಿಕೊಳ್ಳುತ್ತದೆ, ನಕಲಿನಲ್ಲಿ ಅಲ್ಲಲ್ಲಿ ತಪ್ಪುಗಳಾಗುತ್ತವೆ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗರ ತಪ್ಪುಗಳನ್ನು ನೋಡಿ, ಯಾರದ್ದನ್ನು ನೋಡಿ ಯಾರು ಬರೆದರೆಂದು ಮೇಷ್ಟ್ರು ಹೇಳಿಬಿಡುವುದಿಲ್ಲವೇ? ಯಂತ್ರ ಮಾಡುತ್ತಿದ್ದದ್ದೂ ಅದನ್ನೇ. ಯಾವ ಮೀನಿನಿಂದ ಯಾವ ಮನುಷ್ಯನಿಗೆ, ಯಾವ ಮನುಷ್ಯನಿಂದ ಯಾವ ಕೆರೆಗೆ ಹೋಯಿತೆಂದು ಗೆರೆ ಎಳೆದು ತೋರಿಸುತ್ತಿತ್ತು. ಹಳ್ಳಿಯವರು ಅದಕ್ಕೆ ಮೂಲದ ಪೆಟ್ಟಿಗೆ ಎಂದು ಹೆಸರಿಟ್ಟರು. ನದಿಮೂಲ, ಋಷಿಮೂಲ ಕೆದಕಬಾರದು ಅಂತಾರೆ, ಇವರು ರೋಗದ ಮೂಲ ಕೆದಕೋಕೆ ಹೊರಟವರೆ, ಒಳ್ಳೇದಾಗಾಕಿಲ್ಲ ಎಂದು ಒಬ್ಬ ಮುದುಕ ಗೊಣಗಿದ. ಅವನ ಮಾತಿಗೆ ಯಾರು ಬೆಲೆ ಕೊಡುತ್ತಾರೆ!

ಪೆಟ್ಟಿಗೆ ಬಂದದ್ದೇ ತಡ, ಊರಲ್ಲಿ ಗುಸುಗುಸು ಎದ್ದಿತು. ಮೀನು ಸತ್ತ ಕೆರೆಗಳಿಗೆ ಒಂದಕ್ಕೊಂದು ನೀರಿನ ಸಂಬಂಧವೇ ಇರಲಿಲ್ಲ. ಇದ್ದ ಸಂಬಂಧ ಒಂದೇ: ಎಲ್ಲ ಕೆರೆಗೂ ದೇವೀರಮ್ಮನ ಮರಿ ಹೋಗಿತ್ತು. ನಿನ್ನೆ ಮೊನ್ನೆಯವರೆಗೆ ಅಕ್ಕ ಅಕ್ಕ ಎಂದು ಊದಿಸಿಕೊಂಡು ಹೋದವರೇ ಅವಳ ಮನೆ ಮುಂದೆ ಮುಖ ತಿರುಗಿಸಿಕೊಂಡು ನಡೆದರು. ಸ್ವಾಮಿಗೌಡ ಬಂದು ಬಾಗಿಲಲ್ಲಿ ನಿಂತು, ಏನೂ ಮಾತಾಡದೆ, ಸುಮ್ಮನೆ ನೋಡಿ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪ್ರಭಾಮಣಿಗೆ ಇದನ್ನು ಸಹಿಸಲಾಗಲಿಲ್ಲ. ಅವ್ವನ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಲ್ಲೋ ಹೊರಗಿನ ಮರಿಕೇಂದ್ರದಿಂದ ಬಂದ ರೋಗ ಎಂದೇ ಅವಳ ನಂಬಿಕೆ. ಪರೀಕ್ಷೆ ಮಾಡಿ ತೋರಿಸಿದರೆ ಊರಿನ ಬಾಯಿ ಮುಚ್ಚುತ್ತದೆ ಎಂದು ಹಟ ಹಿಡಿದಳು. ದೇವೀರಮ್ಮನಿಗೆ ಇಷ್ಟವಿರಲಿಲ್ಲ. ನನಗೆ ಕೆಮ್ಮಿಲ್ಲ, ನೆಗಡಿಯಿಲ್ಲ, ಕಲ್ಲುಗುಂಡು ಇದ್ದ ಹಾಗಿದ್ದೀನಿ, ಪರೀಕ್ಷೆ ಯಾತಕ್ಕೆ ಎಂದಳು. ಕೊನೆಗೆ, ಬಸುರಿ ಮಗಳ ಮಾತು ಮೀರಬಾರದೆಂದು ಬಾಯಿ ತೆರೆದಳು. ಪ್ರಭಾಮಣಿ ತನ್ನ ಕೈಯಾರೆ ಹತ್ತಿಯ ಕಡ್ಡಿಯನ್ನು ಅವ್ವನ ಗಂಟಲಿಗೆ ಸವರಿ, ಗಾಜಿನ ಕೊಳವೆಗೆ ಹಾಕಿ ಮುಚ್ಚಳ ತಿರುಗಿಸಿದಳು.

ಪ್ರಯೋಗಾಲಯದ ಮುಖ್ಯಸ್ಥರಾದ ಇಮ್ತಿಯಾಜ್ ಸಾಹೇಬರು ಮೆತ್ತನೆಯ ಮನುಷ್ಯ. ಯಂತ್ರದ ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಕವಲೊಡೆಯುತ್ತಿದ್ದಾಗ ಅವರು ಪ್ರಭಾಮಣಿಗೆ ಕೂತುಕೊಳ್ಳಲು ಹೇಳಿದರು. ಸತ್ತ ಕೆರೆಗಳ ಮೀನುಗಳೆಲ್ಲ ಬೇರೆ ಬೇರೆ ಕವಲುಗಳಾಗಿ ನಿಂತಿದ್ದವು, ಸ್ವಾಮಿಗೌಡನ ಸೊಸೆಯದು ಆ ಪೈಕಿ ಒಂದರ ತುದಿಯ ಎಳೆ. ಕವಲುಗಳೆಲ್ಲ ಹಿಂದಕ್ಕೆ ಹಿಂದಕ್ಕೆ ಹೋಗಿ ಕೂಡುತ್ತಿದ್ದ ಜಾಗದಲ್ಲಿ ಅವ್ವನ ಗುರುತಿತ್ತು. ಪ್ರಭಾಮಣಿ ಎರಡನೇ ಸಲ ನೋಡಿದಳು. ಗೆರೆ ಅಲ್ಲೇ ಇತ್ತು.

"ಸಾರ್, ಇದನ್ನ ಈಗಲೇ ಕಳಿಸಬೇಡಿ," ಎಂದಳು.

"ನಾನು ಕಳಿಸೋದಲ್ಲಮ್ಮ," ಎಂದರು ಸಾಹೇಬರು. "ಅದೇ ಕಳಿಸುತ್ತೆ. ಆಗಲೇ ಹೋಗಿ ಆಯ್ತು."

ಯಂತ್ರವನ್ನು ಕಟ್ಟಿದವರು ಹಾಗೆಯೇ ಕಟ್ಟಿದ್ದರು. ಮನುಷ್ಯರ ಕೈಯಲ್ಲಿ ಫಲಿತಾಂಶ ಇದ್ದರೆ ಬಚ್ಚಿಡುತ್ತಾರೆ, ತಿದ್ದುತ್ತಾರೆ ಎಂದು, ಗೆರೆ ಪೂರ್ತಿಯಾದ ಕೂಡಲೇ ಅದು ಜಲರಕ್ಷಣಾ ಪ್ರಾಧಿಕಾರಕ್ಕೆ ತಾನೇ ಸುದ್ದಿ ಮುಟ್ಟಿಸುತ್ತಿತ್ತು. ಇಂಥ ತಳಿಯನ್ನು ಮೈಯಲ್ಲಿ ಹೊತ್ತವರು ಹೊಳೆ, ಕೆರೆ, ಬಾವಿ, ಯಾವ ತೆರೆದ ನೀರನ್ನೂ ಮುಟ್ಟುವಂತಿಲ್ಲ, ನೀರಿನಿಂದ ದೂರ ಸರ್ಕಾರ ಕೊಟ್ಟ ಜಾಗದಲ್ಲೇ ಇರಬೇಕು ಎಂದು ಕಾಯಿದೆ. ಅಣೆಕಟ್ಟೆಯ ನೀರು ನಂಬಿದ ಊರುಗಳು ಎಷ್ಟೋ, ಬಾಯಿಗಳು ಎಷ್ಟೋ. ಕಾಯಿದೆ ತಪ್ಪು ಎಂದು ಹೇಳುವ ಧೈರ್ಯ ಪ್ರಭಾಮಣಿಗೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಮನೆಗೆ ಬಂದು ಹೇಳಿದಾಗ ದೇವೀರಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟಳು.

"ಸ್ವಾಮಿಗೌಡ್ನ ಸೊಸೆ," ಎಂದಳು ದೇವೀರಮ್ಮ. "ಆ ಹೆಣ್ಮಗ ಹೋಗಿದ್ದೂ ನನ್ನಿಂದ್ಲೇಯ?"

"ನಿಂಗೆ ಗೊತ್ತಿತ್ತಾ ಅವ್ವ? ಗೊತ್ತಿದ್ದು ಮಾಡಿದ್ದಲ್ವಲ್ಲ."

"ನಾನು ಉಸುರು ಕೊಡ್ತಿದೀನಿ ಅಂದ್ಕಂಡಿದ್ದೆ ಕಣ್ಮಗ. ಎಂಜ್ಲು ಕೊಟ್ನಲ್ಲ. ಗಂಗಮ್ಮನ್ನೇ ಎಂಜ್ಲು ಮಾಡ್ಬುಟ್ನಲ್ಲ."

ಪ್ರಭಾಮಣಿ ಅವ್ವನ ಪಕ್ಕ ಕೂರಲು ಹೋದಳು. ದೇವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆಗೆ ಸರಿದಳು, ಹತ್ತಿರ ಬರಬೇಡ, ಹೊಟ್ಟೇಲಿ ಕೂಸದೆ ಎಂದಳು. ಅಂದಿನಿಂದ ಮಗಳ ತಟ್ಟೆಗೆ ಅನ್ನ ಬಡಿಸುವುದನ್ನೂ ಬಿಟ್ಟಳು.

ಇಮ್ತಿಯಾಜ್ ಸಾಹೇಬರು ತಮ್ಮಿಂದಾದದ್ದನ್ನು ಮಾಡಿದರು. ಮಾತ್ರೆ ಕೊಡಿಸಿದರು. ಮಾತ್ರೆ ನುಂಗುವಷ್ಟು ದಿನ ದೇವೀರಮ್ಮನ ಗಂಟಲು ಶುದ್ಧ, ಬಿಟ್ಟರೆ ಮತ್ತೆ ಹಾಜರು. ಔಷಧಿ ಬದಲಾಯಿಸಿದರು, ಹಾಗೇ ಆಯಿತು. ಈ ದರಿದ್ರದ್ದು ಎಲ್ಲಿ ಬಚ್ಚಿಟ್ಟುಕೊಂಡು ತಿರುಗಿ ಬರುತ್ತದೋ ಎಂದು ಸಾಹೇಬರು ತಲೆ ಕೆಡಿಸಿಕೊಂಡರು. ಪ್ರಾಧಿಕಾರದವರು ಅಷ್ಟು ದಿನ ಕಾದದ್ದೇ ಹೆಚ್ಚು. ಒಂದು ಬೆಳಿಗ್ಗೆ ಜೀಪು ಬಂತು. ಬಂದವರು ಒಳ್ಳೆಯ ಜನ, ಒಂದು ಗಡಸು ಮಾತಾಡಲಿಲ್ಲ, ಗಂಟುಮೂಟೆಯನ್ನು ತಾವೇ ಎತ್ತಿಟ್ಟರು. ದೇವೀರಮ್ಮ ಹೊಳೆಗೆ ಕೈಮುಗಿದು ಹೋಗುತ್ತೀನಿ ಎಂದಳು. ದೂರದಿಂದಲೇ ಮುಗಿಯಿರಿ ತಾಯಿ ಎಂದರು. ದೂರದಿಂದಲೇ ಮುಗಿದಳು.

ಸರ್ಕಾರದ ಕಾಗದದಲ್ಲಿ ಅವಳನ್ನು ಒಯ್ದ ಜಾಗಕ್ಕೆ ಜಲಮುಕ್ತ ವಸತಿ ಎಂದು ಹೆಸರು. ಜನ ಒಣಪಾಳ್ಯ ಎನ್ನುತ್ತಿದ್ದರು. ಹತ್ತಿರದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಹಳ್ಳವೂ ಇಲ್ಲದ ಕಲ್ಲುಬೋರೆಯ ಮೇಲೆ ಸಾಲು ಮನೆಗಳು. ಬೇರೆ ಬೇರೆ ಹಿನ್ನೀರುಗಳಿಂದ ತಂದ ಬೆಸ್ತರು, ಮರಿ ಸಾಕುವವರು, ಮೀನು ಮಾರುವವರು ಅಲ್ಲಿದ್ದರು. ಊಟಕ್ಕೆ ಕೊರತೆಯಿರಲಿಲ್ಲ. ನಲ್ಲಿಯಲ್ಲಿ ಅಳತೆಯ ನೀರು ಬರುತ್ತಿತ್ತು. ಮುಖ ತೊಳೆದ ನೀರು, ಬಚ್ಚಲ ನೀರು, ಎಲ್ಲ ಒಂದು ಮುಚ್ಚಿದ ತೊಟ್ಟಿಗೆ ಹೋಗಿ, ಅಲ್ಲಿ ಕುದಿಸಿ ಆವಿ ಮಾಡುತ್ತಿದ್ದರು. ನಮ್ಮ ನೀರು ಎಲ್ಲಿಗೂ ಹರಿಯಲ್ಲ ಕಣವ್ವ, ಹೊಗೆಯಾಗಿ ಹೋಗುತ್ತದೆ ಎಂದು ದೇವೀರಮ್ಮ ಮಗಳಿಗೆ ಹೇಳಿದ್ದು, ತಂತಿಬೇಲಿಯ ಆಚೆ ನಿಂತು.

ಪ್ರಭಾಮಣಿ ತಿಂಗಳು ತುಂಬುತ್ತ ಬಂದರೂ ನೋಡಲು ಹೋಗುತ್ತಿದ್ದಳು. ಬೇಲಿಯಿಂದ ಈಚೆಗೆ ಒಂದು ಬೆಂಚು, ಆಚೆಗೆ ಒಂದು ಬೆಂಚು, ನಡುವೆ ಬಯಲು. ದನಿ ಎತ್ತರಿಸಿ ಮಾತಾಡಬೇಕು. ದೇವೀರಮ್ಮ ಬಾಣಂತನವನ್ನೆಲ್ಲ ಅಲ್ಲಿಂದಲೇ ಕೂಗಿ ಕಲಿಸುತ್ತಿದ್ದಳು. ಕೂಸಿಗೆ ಎಣ್ಣೆ ಹೇಗೆ ತೀಡಬೇಕು, ನೆತ್ತಿಗೆ ಎಷ್ಟು ಎಣ್ಣೆ ಇಡಬೇಕು, ಸೊಂಟಕ್ಕೆ ಬಟ್ಟೆ ಎಷ್ಟು ಬಿಗಿ ಕಟ್ಟಬೇಕು, ಎಲ್ಲವನ್ನೂ. ನಿಮ್ಮತ್ತೆ ಒಳ್ಳೆಯವಳು, ಅವಳು ಹೇಳಿದ ಹಾಗೆ ಕೇಳು ಎಂದಳು. ಅವ್ವ ಅಳುತ್ತಾಳೇನೋ ಎಂದು ಪ್ರಭಾಮಣಿ ನೋಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ.

"ನೀನು ಇಲ್ಲದೆ ನಂಗೆ ಆಗಲ್ಲ ಕಣವ್ವ," ಎಂದು ಒಂದು ದಿನ ಪ್ರಭಾಮಣಿಯೇ ಅತ್ತಳು.

"ಆಯ್ತದೆ. ಯಾಕಾಗಲ್ಲ? ನಾನು ಮುಟ್ದೆ ಇದ್ರೆ ತಾನೇ ನಿನ್ ಕೂಸು ಹೊಳೇಲಿ ಈಜೋದು? ಅಷ್ಟಾದ್ರೆ ಸಾಕು ನಂಗೆ. ಹೋಗು, ಬಿಸ್ಲಾಯ್ತದೆ."

ಪ್ರಭಾಮಣಿಯ ಗಂಟಲನ್ನು ಪ್ರಯೋಗಾಲಯದಲ್ಲಿ ಮೇಲಿಂದ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಪ್ರತಿ ಸಲವೂ ಶುದ್ಧ. ನಿಂಗರಾಜುವಿನದೂ ಶುದ್ಧ. ಅವನು ಪ್ರತಿ ಸಲವೂ ಗಂಗಮ್ಮನಿಗೆ ಕಾಯಿ ಒಡೆಯುತ್ತಿದ್ದ. ಅವನು ಮಾತು ಕಮ್ಮಿಯ ಆಸಾಮಿ, ಬಲೆ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಮಗು ಹುಟ್ಟಿದ ಮೇಲೆ ಹರಿಗೋಲಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತೀನಿ, ಆಮೇಲೆ ತೊಟ್ಟಿಲಿಗೆ ಹಾಕು ಎಂದು ಅವನದೊಂದೇ ಬೇಡಿಕೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು ಮಗು. ದುಂಡಗೆ, ಕಪ್ಪಗೆ, ಗಟ್ಟಿ ಗಂಟಲು. ಮಾರನೆಯ ದಿನ ಮೈ ಬೆಚ್ಚಗಾಯಿತು, ಹಾಲು ಕುಡಿಯಲು ಒಲ್ಲೆ ಎಂದಿತು. ವೈದ್ಯರು ತಡ ಮಾಡಲಿಲ್ಲ. ಮಗುವಿನ ರಕ್ತ ತೆಗೆದು, ಹೆಬ್ಬೆರಳು ಗಾತ್ರದ ಆ ಕೈಗೆ ಸೂಜಿ ಚುಚ್ಚಿ ಔಷಧಿ ಇಳಿಸಿದರು. ಮಗು ಉಳಿಯಿತು. ಔಷಧಿ ನಿಂತು ದಿನಗಳಾದ ಮೇಲೆ, ಈಗ ಎಲ್ಲ ಸರಿ ಎಂದುಕೊಂಡು ಇನ್ನೊಂದು ಸಲ ಪರೀಕ್ಷೆ ಮಾಡಿದರು. ರೋಗವಿರಲಿಲ್ಲ. ಅದೇ ಬ್ಯಾಕ್ಟೀರಿಯ ಇತ್ತು. ತೆಪ್ಪಗೆ ಕೂತಿತ್ತು.

ಇಮ್ತಿಯಾಜ್ ಸಾಹೇಬರು ತಾವೇ ಆಸ್ಪತ್ರೆಗೆ ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಉಸಿರು, ಉಸಿರು ಎಂದು ನಾವೆಲ್ಲ ಗಂಟಲನ್ನೇ ನೋಡಿದೆವು, ಅದು ಕೂತಿದ್ದದ್ದು ಕರುಳಿನಲ್ಲಿ ಎಂದರು. ದೇವೀರಮ್ಮನ ಗಂಟಲಿಗೆ ಅದು ಮತ್ತೆ ಮತ್ತೆ ಬರುತ್ತಿದ್ದದ್ದು ಅಲ್ಲಿಂದಲೇ. ಎಷ್ಟೋ ವರ್ಷ ಮೀನಿನಲ್ಲೂ ತೆಪ್ಪಗಿದ್ದು, ಈ ಬೇಸಿಗೆಯ ಕಾವಿಗೆ ಕೆರಳಿತ್ತು. ಪ್ರಭಾಮಣಿ ಚಿಕ್ಕವಳಿದ್ದಾಗ ಒಂದೇ ತಟ್ಟೆಯಲ್ಲಿ ಉಂಡಾಗಲೋ, ಅವ್ವ ತುತ್ತು ಮಾಡಿ ಕೊಟ್ಟಾಗಲೋ ಅವಳ ಹೊಟ್ಟೆಗೂ ಇಳಿದಿತ್ತು. ಗಂಟಲಿಗೆ ಒಂದು ಸಲವೂ ಹತ್ತದೆ, ಅಲ್ಲೇ ಸದ್ದಿಲ್ಲದೆ ಇದ್ದು, ಹೆರಿಗೆಯಲ್ಲಿ ಮಗುವಿಗೆ ದಾಟಿತ್ತು. ಮೂವರ ಕರುಳಿನ ಪರೀಕ್ಷೆಯಾದ ಮೇಲೆ ಯಂತ್ರ ಗೆರೆ ಎಳೆದು ತೋರಿಸಿತ್ತು: ಅಜ್ಜಿ, ಮಗಳು, ಮೊಮ್ಮಗ.

"ಸುದ್ದಿ ಹೋಯ್ತಾ ಸಾರ್?" ಎಂದಳು ಪ್ರಭಾಮಣಿ.

ಸಾಹೇಬರು ಹೌದೆಂದು ತಲೆ ಆಡಿಸಿದರು.

ಆ ಗಳಿಗೆಯಲ್ಲಿ ಪ್ರಭಾಮಣಿಗೆ ಮೊದಲು ಬಂದದ್ದು ಅಳುವಲ್ಲ. ಸಂತೋಷ. ಅವ್ವನ ಹತ್ತಿರ ಹೋಗಬಹುದು ಎಂಬ ಸಂತೋಷ. ಮಗುವಿನ ಬದುಕೆಲ್ಲ ಬೇಲಿಯೊಳಗೆ ಬಿದ್ದುಹೋಯಿತು, ತಾನು ಹೆತ್ತ ತಾಯಿಯಾಗಿ ಸಂತೋಷಪಡುತ್ತಿದ್ದೇನಲ್ಲ ಎಂದು ತಕ್ಷಣ ಅರಿವಾಗಿ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆಮೇಲೆ ಅತ್ತಳು. ಮಗುವನ್ನು ಎದೆಗೆ ಅವುಚಿಕೊಂಡು, ನರ್ಸು ಬಂದು ಬೈಯುವವರೆಗೂ ಅತ್ತಳು.

ನಿಂಗರಾಜು ತನ್ನ ಕರುಳನ್ನೂ ಪರೀಕ್ಷೆ ಮಾಡಿಸಿದ. ಮೂಲದ ಪೆಟ್ಟಿಗೆ ಅವನಲ್ಲಿ ಏನೂ ಇಲ್ಲ ಎಂದಿತು. ಇನ್ನೊಂದು ಸಲ ನೋಡಿ, ಸರಿಯಾಗಿ ನೋಡಿ ಎಂದು ಅವನು ಸಾಹೇಬರ ಕೈ ಹಿಡಿದುಕೊಂಡ. ಜನ ಇಲ್ಲ ಎನ್ನಿಸಿಕೊಳ್ಳಲು ದೇವರಿಗೆ ಹರಕೆ ಹೊರುವ ಕಾಲದಲ್ಲಿ, ಇದೆ ಎನ್ನಿ ಎಂದು ಬೇಡಿಕೊಂಡವನು ಅವನೊಬ್ಬನೇ. ಒಣಪಾಳ್ಯದ ಒಳಗೆ ಹೋಗಿ ಹೆಂಡತಿ ಮಗುವಿನ ಜೊತೆ ಇರಬಹುದು, ಯಾರೂ ಬೇಡವೆನ್ನುವುದಿಲ್ಲ. ಆದರೆ ಹೋದರೆ ಮತ್ತೆ ಹೊಳೆಗೆ ಇಳಿಯುವಂತಿಲ್ಲ. ಹೊಳೆಗೆ ಇಳಿಯದಿದ್ದರೆ ಹಾಸಿಗೆ ಹಿಡಿದ ಅಪ್ಪನನ್ನು, ಅವ್ವನನ್ನು ಸಾಕುವವರು ಯಾರು? ಅವನು ಜೀಪಿನಲ್ಲಿ ಗೇಟಿನ ತನಕ ಬಂದ, ಟ್ರಂಕು ಇಳಿಸಿದ, ಮಗುವಿನ ಕಾಲನ್ನು ಒಂದು ಸಲ ಹಿಡಿದುಕೊಂಡ. ಏನಾದರೂ ಹೇಳುತ್ತಾನೇನೋ ಎಂದು ಪ್ರಭಾಮಣಿ ಕಾದಳು. ಅವನು ಹುಷಾರು ಎಂದಷ್ಟೇ ಹೇಳಿದ.

ದೇವೀರಮ್ಮನಿಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಮಗಳು ಬಂದಿದ್ದಾಳೆಂದು ಯಾರೋ ಹೇಳಿದ್ದನ್ನು ಕೇಳಿ, ಅವಳು ತಲೆ ಬಾಚಿಕೊಂಡು ಬೇಲಿಯ ಹತ್ತಿರದ ಬೆಂಚಿಗೆ ಓಡಿದ್ದಳು. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದರೆ, ಸಾಲುಮನೆಗಳ ನಡುವೆ, ಬೇಲಿಯ ಒಳಗೇ, ಕಂಕುಳಲ್ಲಿ ಮಗುವನ್ನು ಹೊತ್ತ ಮಗಳು ನಡೆದು ಬರುತ್ತಿದ್ದಳು.

ಒಂದು ಗಳಿಗೆ ಅವಳ ಮುಖ ಅರಳಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಬೇಲಿಗೆ ಬೆನ್ನು ತಾಗಿಸಿ ನಿಂತಳು. ಯಾರು ಒಳಕ್ಕೆ ಬಿಟ್ಟವರು, ಇವರಿಗೆ ಬುದ್ಧಿ ಇಲ್ಲವಾ, ಕೂಸನ್ನು ಆಚೆಗೆ ಕರಕೊಂಡು ಹೋಗು ಎಂದು ಗದರಿಸಿದಳು. ಪ್ರಭಾಮಣಿ ನಿಲ್ಲಲಿಲ್ಲ. ಹತ್ತಿರ ಬಂದು ಮಗುವನ್ನು ಅವ್ವನ ಕಡೆಗೆ ಚಾಚಿದಳು.

"ಇಸ್ಕೊ ಅವ್ವ. ಇನ್ನು ನೀನು ಎತ್ಕೋಬೋದು. ಇವನ್ಗೂ ಅದೆ, ನಂಗೂ ಅದೆ. ಇನ್ನೇನೂ ಅಡ್ಡಿಯಿಲ್ಲ."

ದೇವೀರಮ್ಮ ಮಗಳ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ಇಷ್ಟು ದಿನ ಒಂದು ಹನಿ ಉದುರಿಸದ ಹೆಂಗಸು ನೆಲಕ್ಕೆ ಕುಸಿದು ಕೂತು, ಎರಡು ಕೈಯಲ್ಲೂ ಎದೆ ಬಡಿದುಕೊಂಡಳು.

"ಅಡ್ಡಿ ಇರ್ಲಿ ಅಂತ ತಾನೇ ಮಗ, ನಾನಿಲ್ಲಿ ಬಂದು ಕೂತಿದ್ದು!"

ಮಗು ಬೆಚ್ಚಿ ಅಳಲು ಶುರುಮಾಡಿತು. ಪ್ರಭಾಮಣಿ ಹಾಗೇ ಕೈಚಾಚಿಕೊಂಡು ನಿಂತಿದ್ದಳು. ಅಳು ಜೋರಾದ ಮೇಲೆ ದೇವೀರಮ್ಮ ಕಣ್ಣೊರೆಸಿಕೊಂಡು, ಕೈಯನ್ನು ಸೀರೆಗೆ ಒರೆಸಿಕೊಂಡು, ಕೂಸನ್ನು ಇಸಿದುಕೊಂಡಳು.